ಗೋಡೆಯಾಚೆಗೂ ಚಾಚಿದ ಮನೆ

(ಬಾನುಲಿ ಭಾಷಣ)



ಈಗ ನಾನು ಆಡುತ್ತಿರುವುದು ಗಾಳಿಗೆ ಬಿಟ್ಟ ಮಾತು. ಯಾರ ಮನೆಯ ರೇಡಿಯೋ ಈ ಅಲೆಗೆ ಶ್ರುತಿಗೂಡಿದೆಯೋ ಅವರೆಲ್ಲರೂ ಇದನ್ನು ಕೇಳಬಹುದು; ಎಲ್ಲರೂ ಕೇಳಲಿ ಎಂಬುದೇ ಬಾನುಲಿಯ ಆಶಯ. 1935ರಲ್ಲಿ ಮೈಸೂರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನೆಯೊಂದು ಆಕಾಶದ ಮೂಲಕ ಮಾತನಾಡುವುದು ಅಂದಿಗೆ ಅಪೂರ್ವ ಸಂಗತಿ. ಇಂದು ಆ ಅಪೂರ್ವ ಸಂಗತಿ ನಮ್ಮ ನಿಮ್ಮ ಮನೆಗಳಲ್ಲಿ ಟಿ.ವಿ.ಯ ಪಕ್ಕದಲ್ಲಿ ದೂಳು ಹಿಡಿದು, ಹಸಿರು ದೀಪ ಮಿನುಗಿಸುತ್ತ ಕುಳಿತಿದೆ. ಅದರ ಹೆಸರು ರೌಟರ್. ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆದ ಪ್ರತಿಯೊಬ್ಬ ಗೃಹಸ್ಥನೂ ತನಗೆ ಅರಿವಿಲ್ಲದೆಯೇ ಒಂದು ಪುಟ್ಟ ಪ್ರಸಾರಕೇಂದ್ರದ ಒಡೆಯನಾಗಿದ್ದಾನೆ.

ಒಂದು ಕಾಲಕ್ಕೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಾಗಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಬಂದ ನೆನಪು ಹಿರಿಯರಿಗೆ ಇದ್ದೀತು. ರೌಟರಿಗೆ ಅಂಥ ಲೈಸೆನ್ಸಿಲ್ಲ. ಅದು ಬಳಸುವ 2.4 ಗಿಗಾಹರ್ಟ್ಸ್ ಅಲೆಪಟ್ಟಿಯನ್ನು ನಮ್ಮ ಸರ್ಕಾರ 2005ರಲ್ಲಿ, ಕಡಿಮೆ ಶಕ್ತಿಯ ಉಪಕರಣಗಳ ಮಟ್ಟಿಗೆ, ಪರವಾನಗಿಯಿಂದ ಬಿಡುಗಡೆ ಮಾಡಿತು. ಲೈಸೆನ್ಸು ಹೋದದ್ದು ಒಳ್ಳೆಯದೇ. ಆದರೆ ಅದರೊಡನೆ ಹೊಣೆಯೂ ಹೋಯಿತೆಂದು ನಾವು ಭಾವಿಸಿದಂತಿದೆ. ನನ್ನ ಮಾತು ಆ ಹೊಣೆಯನ್ನು ಕುರಿತದ್ದು.

ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತುವಿನಲ್ಲಿ ಬೆಳಕಾಗಿ ಬಂದ ಸುದ್ದಿಯನ್ನು ಮನೆಯೊಳಗೆ ಅಲೆಗಳಾಗಿ ಹಂಚುವುದು, ನಮ್ಮ ಬೇಡಿಕೆಗಳನ್ನು ಅದೇ ದಾರಿಯಲ್ಲಿ ಹೊರಗೆ ಕಳಿಸುವುದು: ಇಷ್ಟು ಈ ಪೆಟ್ಟಿಗೆಯ ಕೆಲಸ. ಅಲೆಗೆ ನಮ್ಮ ಆಸ್ತಿಪತ್ರದ ಚಕ್ಕುಬಂದಿ ತಿಳಿಯದು. ಅದು ಗೋಡೆಯನ್ನು ದಾಟುತ್ತದೆ, ಬೀದಿಗೆ ಇಳಿಯುತ್ತದೆ, ಎದುರುಮನೆಯ ಮಹಡಿಯನ್ನು ಮುಟ್ಟುತ್ತದೆ. ಬಾನುಲಿಯಾದರೋ ಮಾತನಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ರೌಟರ್ ಎರಡನ್ನೂ ಮಾಡುತ್ತದೆ. ಆದುದರಿಂದ ಬೀದಿಯಲ್ಲಿ ನಿಂತವನು ನಮ್ಮ ಅಲೆಯನ್ನು ಕೇಳುವುದಷ್ಟೇ ಅಲ್ಲ, ಬಾಗಿಲು ತೆರೆದಿದ್ದರೆ ನಮ್ಮ ಹೆಸರಿನಲ್ಲಿ ಲೋಕದೊಡನೆ ಮಾತನಾಡಲೂ ಬಲ್ಲ.

ಇದು ಬರಿಯ ಊಹೆಯಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬುಗಳು ಸಿಡಿದುದನ್ನು ನಾವು ಮರೆತಿಲ್ಲ. ಮರುದಿನ ಅಹಮದಾಬಾದಿನಲ್ಲಿ ಸ್ಫೋಟಗಳು ಸಂಭವಿಸಿದವು. ಅದಕ್ಕೆ ಕೆಲವೇ ನಿಮಿಷಗಳ ಮೊದಲು ವಾರ್ತಾಸಂಸ್ಥೆಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ಹೊರಟರೆ ಅದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕನ್ನರೊಬ್ಬರ ಮನೆಗೆ ಹೋಗಿ ಮುಟ್ಟಿತು. ಅವರ ವೈ-ಫೈಗೆ ಬೀಗವಿರಲಿಲ್ಲ. ಪತ್ರವನ್ನು ಕಳಿಸಿದವರು ಬೇರೆ. ವಿಳಾಸ ಮಾತ್ರ ಆ ಮನೆಯದು. ಆ ಗೃಹಸ್ಥರು ವಿಚಾರಣೆಯನ್ನು ಎದುರಿಸಬೇಕಾಯಿತು. ಮುಂಬಯಿಯ ಪೊಲೀಸರು 2009ರ ಆರಂಭದಲ್ಲಿ, ಬೀಗವಿಲ್ಲದ ವೈ-ಫೈಗಳನ್ನು ಬೀದಿಬೀದಿಯಲ್ಲಿ ಹುಡುಕಿ ಎಚ್ಚರಿಸುವುದಾಗಿ ಸಾರಿದರು.

ಈ ವೃತ್ತಾಂತವನ್ನು ಬಲ್ಲ ನಾನೇ ಎಷ್ಟು ಎಚ್ಚರವಾಗಿದ್ದೆ? ನಮ್ಮ ಮನೆಗೆ ಸಂಪರ್ಕ ಕೊಡಲು ಬಂದ ಹುಡುಗ ನನ್ನ ಮೊಬೈಲ್ ನಂಬರನ್ನೇ ವೈ-ಫೈಗೆ ಪಾಸ್‌ವರ್ಡ್ ಮಾಡಿ, 'ನಿಮಗೆ ನೆನಪಿಡುವುದಕ್ಕೆ ಸುಲಭ ಸಾರ್' ಎಂದು ಹೋದ. ನಾನೂ ಸಂತೋಷಪಟ್ಟೆ. 2020ರಲ್ಲಿ ಕೊರೋನಾದ ಕಾರಣ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ಪಕ್ಕದ ಮನೆಯ ಹುಡುಗಿ ನಮ್ಮ ಜಗಲಿಯ ಮೇಲೆ ಕುಳಿತು ಓದತೊಡಗಿದಳು. ಅವಳಿಗೆ ಪಾಸ್‌ವರ್ಡ್ ಕೊಟ್ಟೆವು, ವಿದ್ಯೆಗೆ ಇಲ್ಲವೆನ್ನಲಾದೀತೆ? ಅವಳಿಂದ ಅಣ್ಣನಿಗೆ, ಅಣ್ಣನಿಂದ ಗೆಳೆಯರಿಗೆ ಅದು ಹರಿಯಿತು. ಒಂದು ವರ್ಷದ ಮೇಲೆ ನನ್ನ ಮಗಳು ಬಂದು, ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯನ್ನು ತೆರೆದು ತೋರಿಸಿದಳು. ನಮ್ಮ ಮನೆಯಲ್ಲಿದ್ದುದು ನಾಲ್ಕು, ಪಟ್ಟಿಯಲ್ಲಿದ್ದುದು ಹತ್ತೊಂಬತ್ತು. 'ಇವರೆಲ್ಲ ಯಾರಪ್ಪಾ?' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹದಿನೈದು ಮಂದಿಯಲ್ಲಿ ದುಷ್ಟರು ಯಾರೂ ಇರಲಿಲ್ಲವೆಂದೇ ನನ್ನ ನಂಬಿಕೆ. ಆದರೆ ಪೊಲೀಸರು ಬಾಗಿಲು ತಟ್ಟಿದ್ದರೆ ನಂಬಿಕೆ ಸಾಕ್ಷಿಯಾಗುತ್ತಿರಲಿಲ್ಲ.

ಮೊಬೈಲ್ ನಂಬರು ಬೀಗವೇ ಅಲ್ಲವೆಂಬುದೂ ಅಂದೇ ತಿಳಿಯಿತು. ನಮ್ಮ ದೇಶದ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲ ಅಂಕಿ ಆರರಿಂದ ಒಂಬತ್ತರೊಳಗೆ. ಒಟ್ಟು 400 ಕೋಟಿ ಸಾಧ್ಯತೆಗಳು. ನಮಗೆ ಇದು ದೊಡ್ಡ ಸಂಖ್ಯೆ. ಆದರೆ ಫೋನೊಂದು ರೌಟರಿನೊಡನೆ ಸಂಪರ್ಕ ಕೂಡಿಸಿಕೊಳ್ಳುವ ಕ್ಷಣದ ಸಂಭಾಷಣೆಯನ್ನು ಗಾಳಿಯಲ್ಲಿ ಹಿಡಿದುಕೊಂಡವನು, ತನ್ನ ಮನೆಯಲ್ಲಿ ಕುಳಿತು, ಸೆಕೆಂಡಿಗೆ ಲಕ್ಷಗಟ್ಟಲೆ ಊಹೆಗಳನ್ನು ಯಂತ್ರದಿಂದ ಮಾಡಿಸಬಲ್ಲ. ಅಂಥ ಯಂತ್ರಕ್ಕೆ ಇದು ಕೆಲವು ಗಂಟೆಗಳ ಕೆಲಸ.

ಹಾಗಾದರೆ ಮಾಡಬೇಕಾದುದೇನು? ಮೊದಲು ಒಂದು ಭ್ರಮೆ ಹರಿಯಬೇಕು. ರೌಟರಿಗೆ ಇರುವುದು ಒಂದು ಬೀಗವಲ್ಲ, ಎರಡು. ಒಂದು, ನಾವು ಫೋನಿಗೆ ಕೊಡುವ ವೈ-ಫೈ ಪಾಸ್‌ವರ್ಡ್. ಅದು ಮನೆಯ ಬಾಗಿಲಿನದು. ಇನ್ನೊಂದು, ಪೆಟ್ಟಿಗೆಯ ಏರ್ಪಾಡುಗಳನ್ನೇ ಬದಲಿಸುವ ಅಡ್ಮಿನ್ ಪಾಸ್‌ವರ್ಡ್. ಅದು ಬೀಗದ ಕೈಗಳನ್ನೆಲ್ಲ ಇಟ್ಟ ಪೆಟ್ಟಿಗೆಯದು. ಅನೇಕ ರೌಟರುಗಳು ಕಾರ್ಖಾನೆಯಿಂದ ಬರುವಾಗ ಹೆಸರೂ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್' ಎಂದೇ ಬರುತ್ತವೆ. ಲಕ್ಷಾಂತರ ಮನೆಗಳಿಗೆ ಒಂದೇ ಬೀಗದ ಕೈ!

ಈ ಉದಾಸೀನ ಲೋಕಕ್ಕೆ ಏನು ಮಾಡಬಲ್ಲದೆಂಬುದು 2016ರಲ್ಲಿ ಕಂಡಿತು. 'ಮಿರಾಯ್' ಎಂಬ ಕುತಂತ್ರಾಂಶ ಕಾರ್ಖಾನೆಯ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿಯನ್ನಷ್ಟೇ ಹಿಡಿದು ಲೋಕಸಂಚಾರ ಹೊರಟಿತು. ಬಾಗಿಲು ಬದಲಾಯಿಸದ ಕ್ಯಾಮೆರಾಗಳನ್ನೂ ರೌಟರುಗಳನ್ನೂ ಸೇರಿ, ಅವುಗಳನ್ನೇ ಸೈನ್ಯವಾಗಿ ಕಟ್ಟಿತು. ಆ ವರ್ಷದ ಅಕ್ಟೋಬರ್ 21ರಂದು ಆ ಸೈನ್ಯ, ಜಾಲತಾಣಗಳ ಹೆಸರಿನಿಂದ ವಿಳಾಸವನ್ನು ಹುಡುಕಿಕೊಡುವ 'ಡೈನ್' ಎಂಬ ಅಮೆರಿಕದ ಸಂಸ್ಥೆಯ ಮೇಲೆ ಎರಗಿದಾಗ, ಟ್ವಿಟರ್ ಮೊದಲಾದ ತಾಣಗಳು ಗಂಟೆಗಟ್ಟಲೆ ಹಲವರಿಗೆ ಸಿಗದಾದವು. ಮುಂದಿನ ತಿಂಗಳು ಅದರದೇ ಇನ್ನೊಂದು ರೂಪದ ಹಾವಳಿಗೆ ಜರ್ಮನಿಯಲ್ಲಿ ಸುಮಾರು 9 ಲಕ್ಷ ಗ್ರಾಹಕರ ರೌಟರುಗಳು ಕೆಟ್ಟು ನಿಂತವು. ಆ ಸೈನ್ಯದಲ್ಲಿದ್ದ ಉಪಕರಣಗಳ ಒಡೆಯರು ನಮ್ಮಂಥ ಗೃಹಸ್ಥರೇ. ತಮ್ಮ ಮನೆಯಿಂದ ಕಲ್ಲು ಬೀಳುತ್ತಿರುವುದು ಅವರಿಗೆ ತಿಳಿದಿರಲಿಲ್ಲ. 'ನನ್ನ ಮನೆಯಲ್ಲಿ ಕದಿಯುವುದಕ್ಕೆ ಏನಿದೆ?' ಎನ್ನುವವರು ಯೋಚಿಸಬೇಕಾದುದು ಇದನ್ನೇ. ಕದಿಯಲು ಏನೂ ಇಲ್ಲದ ಮನೆಯೂ ಅಡಗಿ ಕೂರುವುದಕ್ಕೆ ಉಪಯುಕ್ತ.

ಇದಕ್ಕೆ ಬೇಕಾದ ಕೆಲಸ ಒಂದು ಸಂಜೆಯದು. ರೌಟರಿನ ತಳಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದು ವಿಳಾಸವಿರುತ್ತದೆ, ಸಾಮಾನ್ಯವಾಗಿ 192.168ರಿಂದ ಆರಂಭವಾಗುವ ಅಂಕಿಗಳು. ಮನೆಯ ಸಂಪರ್ಕದಲ್ಲಿರುವ ಫೋನಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಅದನ್ನು ಬರೆದರೆ ಪೆಟ್ಟಿಗೆಯ ಒಳಕೋಣೆ ತೆರೆಯುತ್ತದೆ. ಅಲ್ಲಿ ಮೊದಲು ಅಡ್ಮಿನ್ ಪಾಸ್‌ವರ್ಡನ್ನು ಬದಲಿಸಿ, ಒಂದು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಬಳಿಕ ವೈ-ಫೈಯ ಗೂಢಲಿಪಿಯ ಬಗೆಯನ್ನು ನೋಡಿ. 1997ರ ಡಬ್ಲ್ಯು.ಇ.ಪಿ. ಎಂಬ ಪದ್ಧತಿಯ ಗುಟ್ಟು 2001ರಲ್ಲಿಯೇ ಬಯಲಾಯಿತು. ಅದು ಇದ್ದರೂ ಇಲ್ಲದ ಹಾಗೆ. 2018ರಲ್ಲಿ ಬಂದ ಡಬ್ಲ್ಯು.ಪಿ.ಎ. 3 ಇದ್ದರೆ ಅದನ್ನೂ, ಇಲ್ಲವಾದರೆ ಡಬ್ಲ್ಯು.ಪಿ.ಎ. 2 ಎಂಬುದನ್ನೂ ಆರಿಸಿ.

ಪಾಸ್‌ವರ್ಡ್ ಕಟ್ಟುವುದರಲ್ಲಿ ನಮ್ಮ ಭಾಷೆ ನೆರವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಮಾತುಗಳನ್ನು, ಹುಣಸೆ, ಏಣಿ, ಮಂಗಳವಾರ, ತಾಮ್ರ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ. ನಮಗೆ ಮರೆಯುವುದಿಲ್ಲ, ಯಂತ್ರಕ್ಕೆ ಬೇಗ ಎಟುಕುವುದಿಲ್ಲ. ಈ ನಾಲ್ಕನ್ನು ಮಾತ್ರ ದಯವಿಟ್ಟು ಬಳಸಬೇಡಿ. ಇವನ್ನು ಈಗ ಬಾನುಲಿಯಲ್ಲಿ ಹೇಳಿಯಾಯಿತು.

ಇನ್ನು ಡಬ್ಲ್ಯು.ಪಿ.ಎಸ್. ಎಂಬ ಸೌಕರ್ಯವಿದೆ, ಪಾಸ್‌ವರ್ಡಿನ ಬದಲು ಎಂಟು ಅಂಕಿಗಳ ಒಂದು ಸಂಖ್ಯೆ ಹೇಳಿ ಒಳಬರುವ ಒಳದಾರಿ. ರೌಟರ್ ಆ ಸಂಖ್ಯೆಯನ್ನು ಎರಡು ಭಾಗ ಮಾಡಿ ಪರೀಕ್ಷಿಸುವುದರಿಂದ, ಹತ್ತು ಕೋಟಿ ಊಹೆ ಬೇಕಾದಲ್ಲಿ 11,000 ಊಹೆಗಳೇ ಸಾಕೆಂದು 2011ರಲ್ಲಿ ಬಯಲಾಯಿತು. ಅದನ್ನು ಮುಚ್ಚಿ. ಹೊರಗಿನಿಂದ ರೌಟರನ್ನು ನಿರ್ವಹಿಸುವ ಸೌಲಭ್ಯ ತೆರೆದಿದ್ದರೆ ಅದನ್ನೂ ಮುಚ್ಚಿ. ತಯಾರಕರು ಕಳಿಸುವ ತಿದ್ದುಪಡಿಗಳು ತಾವಾಗಿಯೇ ಬರುವಂತೆ ಮಾಡಿ. ತಿದ್ದುಪಡಿ ನಿಂತುಹೋದ ಹಳೆಯ ಪೆಟ್ಟಿಗೆಗೆ ನಿವೃತ್ತಿ ಕೊಡಿ. ಪೆಟ್ಟಿಗೆಯನ್ನು ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿ, ಕಬ್ಬಿಣದ ಬೀರುವಿನಿಂದ ದೂರವಿಡಿ. ಬೀದಿಯ ಕಿಟಕಿಯಲ್ಲಿಟ್ಟರೆ ಅದರ ಸೇವೆ ಒಳಮನೆಗಿಂತ ಬೀದಿಗೇ ಹೆಚ್ಚಾದೀತು.

ಕಡೆಯದಾಗಿ, ಆ ಪಕ್ಕದ ಮನೆಯ ಹುಡುಗಿ. ಪಾಸ್‌ವರ್ಡ್ ಬದಲಾದ ದಿನ ಅವಳು ಜಗಲಿಗೆ ಬಂದು, ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, ಏನೂ ಕೇಳದೆ ಎದ್ದು ಹೋದಳು. ಬೀಗ ಹಾಕಿದ್ದು ಸರಿ, ಮನಸ್ಸು ಒಪ್ಪಲಿಲ್ಲ. ಆಗ ನೆನಪಾದದ್ದು ನಮ್ಮ ಹಳೆಯ ಮನೆಗಳ ವಿನ್ಯಾಸ. ಅವುಗಳಿಗೆ ಜಗಲಿಯೂ ಇತ್ತು, ಒಳಗೆ ನಡುಮನೆಯೂ ಇತ್ತು. ದಾರಿಹೋಕನಿಗೆ ಜಗಲಿಯ ಮೇಲೆ ನೆರಳು ದೊರೆಯುತ್ತಿತ್ತು, ಬೆಲ್ಲ ನೀರು ದೊರೆಯುತ್ತಿತ್ತು. ನಡುಮನೆಯ ಪೆಟ್ಟಿಗೆಯ ಬಳಿಗೆ ಅವನನ್ನು ಯಾರೂ ಕರೆದೊಯ್ಯುತ್ತಿರಲಿಲ್ಲ. ಇದರಿಂದ ಆತಿಥ್ಯಕ್ಕೆ ಕುಂದಾಯಿತೆಂದು ಯಾರೂ ತಿಳಿಯಲಿಲ್ಲ. ಇಂದಿನ ಬಹುಪಾಲು ರೌಟರುಗಳಲ್ಲಿಯೂ ಅಂಥ ಒಂದು ಜಗಲಿಯಿದೆ. ಗೆಸ್ಟ್ ನೆಟ್‌ವರ್ಕ್ ಎಂದು ಅದರ ಹೆಸರು. ಅದಕ್ಕೆ ಬೇರೆ ಪಾಸ್‌ವರ್ಡ್. ಅಲ್ಲಿ ಕುಳಿತವರಿಗೆ ಹೊರಲೋಕ ಸಿಗುತ್ತದೆ, ನಮ್ಮ ಒಳಮನೆಯ ಕಂಪ್ಯೂಟರು ಕಾಣುವುದಿಲ್ಲ. ಆದರೆ ಜಗಲಿಯಿಂದ ಹೊರಟ ಮಾತಿಗೂ ಮನೆಯ ವಿಳಾಸವೇ ಇರುತ್ತದೆ. ಆದ್ದರಿಂದ ಜಗಲಿಯಲ್ಲಿ ಯಾರಿದ್ದಾರೆಂದು ಆಗಾಗ ಇಣುಕಿ ನೋಡಬೇಕು, ಆರು ತಿಂಗಳಿಗೊಮ್ಮೆ ಅದರ ಪಾಸ್‌ವರ್ಡ್ ಬದಲಿಸಬೇಕು.

ನಾನು ಅದನ್ನು ತೆರೆದು, ಹುಡುಗಿಯನ್ನು ಕರೆದು, ಹೊಸ ಪಾಸ್‌ವರ್ಡನ್ನು ಅವಳ ಕೈಗೇ ಬರೆದುಕೊಟ್ಟೆ. 'ಬೇರೆಯವರಿಗೆ ಬೇಕಾದರೆ ನನ್ನನ್ನು ಕೇಳಲಿ, ಮಗೂ' ಎಂದೆ. ಕೇಳಿಕೊಂಡು ಮೂವರು ಬಂದರು. ಮೂವರ ಹೆಸರೂ ಈಗ ನನಗೆ ಗೊತ್ತು.