ಝಾಡಮಾಲಿಯ ಸಂಬಳ



ಹೊಲದ ಕೂಲಿ ಬಗ್ಗೆ ಮಾತಾಡಿದ್ದೀವಿ, ಜೀತದ ಬಗ್ಗೆ ಮಾತಾಡಿದ್ದೀವಿ. ಈಗ ನಮ್ಮ ಕೇರಿಯ ಹುಡುಗ ಹುಡುಗಿಯರು ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣ ವಿನ್ಯಾಸ ಮಾಡುವ ಕಂಪನಿಗಳ ಬಾಗಿಲಿಗೆ ಹೋಗ್ತಿದ್ದಾರೆ. ಸಂವಿಧಾನದ 16(4)ನೇ ವಿಧಿಯ ಮೀಸಲಾತಿ ಆ ಬಾಗಿಲ ತನಕ ಬರೋದಿಲ್ಲ. ಅದು ಸರ್ಕಾರಿ ನೌಕರಿಗೆ ಮಾತ್ರ. ಒಳಗೆ ಹೋದವರ ಗತಿ ಏನು? ಅಮೆರಿಕದ ಒಬ್ಬ ಕಪ್ಪು ಬಂಧುವಿನ ಸಂಗತಿ ಕೇಳಿ.

ಹೆಸರು ವಿವಿಯನ್ ಥಾಮಸ್. ಬಡಗಿ ಕೆಲಸ ಬಲ್ಲವರು. 1930ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಬ್ಲೇಲಾಕ್ ಅವರ ಪ್ರಯೋಗಶಾಲೆ ಸೇರಿದರು. ವಾರಕ್ಕೆ 12 ಡಾಲರ್. ಡಾಕ್ಟರ್ ಓದಲು ಕೂಡಿಟ್ಟ ದುಡ್ಡು ಬ್ಯಾಂಕಿನ ಜೊತೆಗೇ ಮುಳುಗಿತು. ಮಾಡುತ್ತಿದ್ದದ್ದು ಶಸ್ತ್ರಚಿಕಿತ್ಸೆಯ ಸಂಶೋಧನೆ. ದಫ್ತರದಲ್ಲಿ ಬರೆದದ್ದು ಜಾನಿಟರ್, ಅಂದರೆ ಝಾಡಮಾಲಿ.

ಇದು ಅವರಿಗೆ ಹೇಗೆ ಗೊತ್ತಾಯಿತು? ಜೊತೆ ಕೆಲಸಗಾರನೊಂದಿಗೆ ಮಾತಿಗೆ ಕೂತಾಗ. ಹೋಗಿ ಬ್ಲೇಲಾಕ್‌ಗೆ ಹೇಳಿದರು, ಟೆಕ್ನಿಶಿಯನ್ ಸಂಬಳ ಕೊಡಿ ಅಂತ. ಕೆಲವು ಬಟವಾಡೆ ಕಳೆದ ಮೇಲೆ ಇಬ್ಬರಿಗೂ ಸಂಬಳ ಏರಿತು. ಹುದ್ದೆ ಬದಲಾಯಿತೋ ಇಲ್ಲವೋ ಯಾರೂ ಹೇಳಲಿಲ್ಲ.

1941ರಲ್ಲಿ ಜಾನ್ಸ್ ಹಾಪ್ಕಿನ್ಸ್‌ಗೆ ಬಂದರು. ಹೃದಯದ ದೋಷದಿಂದ ಮೈ ನೀಲಿಗಟ್ಟಿ ಸಾಯುತ್ತಿದ್ದ ಮಕ್ಕಳಿಗೆ ರಕ್ತದ ಹೊಸ ದಾರಿ ಹೊಲಿಯುವ ವಿಧಾನವನ್ನು ನಾಯಿಗಳ ಮೇಲೆ ಮಾಡಿ ಮಾಡಿ ಪಳಗಿಸಿದವರು ಅವರೇ. ಎಳೆಯ ರಕ್ತನಾಳಕ್ಕೆ ತಕ್ಕ ಸೂಜಿ ಇರಲಿಲ್ಲ. ಇದ್ದ ಸೂಜಿ ಕತ್ತರಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಿಡಿದು, ಸಾಣೆಗೆ ಉಜ್ಜಿ ಹೊಸ ಮೊನೆ ಮಾಡಿದರು. ಇದು ಉಪಕರಣ ವಿನ್ಯಾಸ ಅಲ್ಲದೆ ಮತ್ತೇನ್ರಪ್ಪಾ?

1944ರ ನವೆಂಬರ್ 29ರಂದು ಮೊದಲ ಮಗುವಿನ ಆಪರೇಷನ್. ಬ್ಲೇಲಾಕ್ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ದಾರಿ ಹೇಳಿದವರು ಥಾಮಸ್. ಆಪರೇಷನ್ನಿಗೆ ಹೆಸರು ಬಿದ್ದದ್ದು ಬ್ಲೇಲಾಕ್, ಟಾಸಿಗ್ ಎಂಬ ಇಬ್ಬರು ಡಾಕ್ಟರುಗಳದು. ಸಂಸಾರ ತೂಗಿಸಲು ಥಾಮಸ್ ಅದೇ ಬ್ಲೇಲಾಕ್ ಮನೆಯ ಪಾರ್ಟಿಗಳಲ್ಲಿ ಗ್ಲಾಸು ತುಂಬಿಸಿಕೊಡ್ತಿದ್ರು. ಹಾಪ್ಕಿನ್ಸ್ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ.

ಕಸ ಗುಡಿಸೋದು ಕೀಳಲ್ಲ. ನಮ್ಮ ಅವ್ವಂದಿರು ಊರೆಲ್ಲ ಗುಡಿಸಿದ್ದಾರೆ; ಅವರಿಗೂ ಹೊಟ್ಟೆ ತುಂಬುವ ಸಂಬಳ ಸಿಗಲೇಬೇಕು. ಆದರೆ ಯಂತ್ರ ಜೋಡಿಸುವ, ಪರೀಕ್ಷಿಸುವ, ತಿದ್ದುವ ಕೆಲಸ ಮಾಡಿಸಿಕೊಂಡು, ಕಾಗದದಲ್ಲಿ ಹೆಲ್ಪರ್ ಅಂತ ಬರೆದು ದುಡ್ಡು ಹಿಡಿಯೋದಿದೆಯಲ್ಲ, ಅದು ಮನುವಿನ ಲೆಕ್ಕ.

ಅದಕ್ಕೇ ಹೇಳ್ತೀವಿ. ನೇಮಕಾತಿ ಪತ್ರ ಕೇಳಿ ತಗೊಳ್ಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ. ಅದರಲ್ಲಿ ಹುದ್ದೆಯ ಹೆಸರು ಏನಿದೆ, ಓದಿ. ಸಂಬಳ ಗುಟ್ಟಾಗಿರಬೇಕು ಅಂತಾರೆ. ಆ ಗುಟ್ಟಿನಿಂದ ಲಾಭ ಯಾರಿಗೆ? ಪಕ್ಕದವನನ್ನು ಕೇಳಿ, ಪಕ್ಕದವಳಿಗೆ ಹೇಳಿ. ಆಮೇಲೆ ಒಬ್ಬೊಬ್ಬರೇ ಹೋಗಬೇಡಿ, ಕೂಡಿ ಹೋಗಿ ಕೇಳಿ.

ಜೈ ಭೀಮ್.