ಕಪ್‌ಕೇಕಿನೊಳಗೆ ರಾಕ್ಷಸನ ಪ್ರಾಣ

ಕಪ್‌ಕೇಕ್ ಅಲಂಕಾರದ ಬಗ್ಗೆ ಮಾತನಾಡಲು ಹೇಳಿದ್ದೀರಿ. ಯೂನಿಕಾರ್ನ್, ಮತ್ಸ್ಯಕನ್ಯೆ ಎಲ್ಲರೂ ಮಾಡುತ್ತಾರೆ. ನಮ್ಮನೆಯಲ್ಲಿ ರಾಕ್ಷಸನಿದ್ದಾನೆ. ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಅಡಗಿಸಿಟ್ಟನಲ್ಲ, ಅವನೇ.

ಡೊಂಬಿವಲಿಯಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಹಿಂದಿ, ಮರಾಠಿ. ಕನ್ನಡ ಊರಿಂದ ಫೋನ್ ಬಂದಾಗ ಮಾತ್ರ, ಅದೂ "ಹೂಂ", "ಉಹೂಂ". ಕಥೆ ಹೇಳುತ್ತೇನೆಂದರೆ ಕೂರುವುದಿಲ್ಲ; ಕೇಕ್ ಎಂದರೆ ಕೂರುತ್ತಾಳೆ.

ಕಪ್‌ಕೇಕ್ ಪೂರ್ತಿ ಆರಲಿ, ಬಿಸಿಯಿದ್ದರೆ ಚಾಕಲೇಟ್ ಕರಗುತ್ತದೆ. ನಡುವೆ ಚಿಕ್ಕ ಚಾಕುವಿನಿಂದ ಒಂದಿಂಚು ಆಳ ಗುಳಿ ತೆಗೆದು, ನಾಲ್ಕೈದು ಜೆಮ್ಸ್ ಹಾಕಿ, ತೆಗೆದ ತುಂಡಿನ ಮೇಲ್ಭಾಗವನ್ನೇ ಮುಚ್ಚಳ ಮಾಡಿ. ಹೂರಣ ತುಂಬಿ ಕಡುಬು ಮುಚ್ಚುವ ನಮಗೆ ಇದೇನು ಮಹಾ! ಮೇಲೆ ಹಸಿರು ಬಟರ್‌ಕ್ರೀಮ್, ಬಿಳಿ ಕ್ರೀಮಿನ ಕೋರೆಹಲ್ಲು. ಬಣ್ಣ, ನೋಝಲ್ ಎಲ್ಲ ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಮಳೆಗಾಲದಲ್ಲಿ ಫಾಂಡೆಂಟ್ ಬೇಡ. ಮುಂಬಯಿ ಹವೆಗೆ ಬೆವರಿ ರಾಕ್ಷಸ ಅಳುತ್ತಾನೆ. ಐದು ವರ್ಷದೊಳಗಿನವರಿಗೆ ಗಟ್ಟಿ ಮಿಠಾಯಿ, ಜೆಮ್ಸ್ ಎರಡೂ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಜಾಮ್ ಸಾಕು.

ಹನ್ನೆರಡರಲ್ಲಿ ಒಂದರೊಳಗೆ ಮಾತ್ರ ಹಸಿರು ಜೆಮ್ಸ್ ಇಡುತ್ತೇನೆ. ಅದೇ ಗಿಣಿ. ಕಚ್ಚುವ ಮೊದಲು ಪ್ರತಿ ಮಗುವೂ ಕಥೆಯ ಒಂದು ವಾಕ್ಯ ಕನ್ನಡದಲ್ಲಿ ಹೇಳಬೇಕು. ತಪ್ಪಾದರೂ ನಾನು ತಿದ್ದುವುದಿಲ್ಲ. ತಿದ್ದಿದರೆ ಬಾಯಿ ಮುಚ್ಚಿಬಿಡುತ್ತವೆ.

ಕಳೆದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಮಗಳೇ ಕೇಳಿದಳು: "ಅಜ್ಜಿ, ಗಿಣಿ ಸತ್ರೆ ರಾಕ್ಷಸ ಯಾಕೆ ಸಾಯ್ಬೇಕು?"

ಅಮ್ಮ ಅರ್ಧ ಗಂಟೆ ಉತ್ತರ ಹೇಳುತ್ತಲೇ ಇದ್ದರು. ಕೇಕ್ ತಟ್ಟೆಯಲ್ಲೇ ಇತ್ತು.