ಒಂದೇ ಹೆಸರು, ಹಲವು ನರಿಗಳು



ಕತ್ತಲಾಗುವ ಹೊತ್ತಿಗೆ ಊರಾಚೆ ಗುಂಪಾಗಿ ಊಳಿಡುವ ಪ್ರಾಣಿಯನ್ನು ನರಿ ಎನ್ನುತ್ತೇವೆ. ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಬಿಟ್ಟುಹೋದ ಈಸೋಪನ ಕಥೆಯ ಪ್ರಾಣಿಯೂ ನಮಗೆ ನರಿಯೇ. ನಿಜಕ್ಕೂ ಇವು ಬೇರೆ ಬೇರೆ. ಊಳಿಡುವುದು ತೋಳದ ಹತ್ತಿರದ ಸಂಬಂಧಿ. ಗುಳ್ಳೆನರಿ ಎಂದೂ ಕರೆಯುತ್ತಾರೆ. ತೂಕ ಸುಮಾರು 10 ಕಿಲೋ. ಈಸೋಪನ ನರಿಯ ಬಳಗದ್ದು ನಮ್ಮಲ್ಲಿ ಉತ್ತರ ಕರ್ನಾಟಕದ ಒಣ ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡು ಬಾಳುವ ಪುಟ್ಟ ನರಿ. ತೂಕ ಸುಮಾರು 2–3 ಕಿಲೋ. ತೆಳ್ಳನೆ ಕಾಲು, ದಟ್ಟ ರೋಮದ ಬಾಲ, ಬಾಲದ ತುದಿ ಕಪ್ಪು. ಇಲಿ, ಮಿಡತೆ, ಗೆದ್ದಲು, ಬೋರೆಹಣ್ಣು ಅದರ ಊಟ.

ಕೊಡಗಿನಲ್ಲಿ ಕೇಳಿದರೆ ಮತ್ತೊಂದು ಅರ್ಥ. ಕೊಡವರ ಮಾತಿನಲ್ಲಿ ನರಿ ಎಂದರೆ ಹುಲಿ! ಹಿಂದಿನ ಕಾಲದಲ್ಲಿ ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ಕೂರಿಸಿ ನಡೆಸುತ್ತಿದ್ದ ಮರ್ಯಾದೆಗೆ ನರಿಮಂಗಲ ಎಂದೇ ಹೆಸರು. ತುಳುವಿನಲ್ಲಿ ನಮ್ಮ ನರಿ ಕುದ್ಕೆಯಾಗುತ್ತದೆ, ತೆಲುಗಿನಲ್ಲಿ ನಕ್ಕ.

ನಮ್ಮ ಮನಸ್ಸಿನಲ್ಲಿ ನರಿಯ ಚಿತ್ರ ಬರೆದದ್ದು ಮುಖ್ಯವಾಗಿ ಪಂಚತಂತ್ರ. 11ನೇ ಶತಮಾನದಲ್ಲಿ ಕವಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಅದರಲ್ಲಿ ಸಿಂಹಕ್ಕೂ ಎತ್ತಿಗೂ ಬೆಳೆದಿದ್ದ ಸ್ನೇಹವನ್ನು ಚಾಡಿಮಾತಿನಿಂದ ಮುರಿದವನು ದಮನಕ. ಬೇಡವೆಂದು ಬುದ್ಧಿ ಹೇಳಿದವನು ಕರಟಕ. ಇಬ್ಬರೂ ನರಿಗಳೇ. ಆದರೂ ಯಾರಾದರೂ ಇಬ್ಬರು ಸೇರಿ ಒಳಸಂಚು ಮಾಡಿದರೆ ‘ಕರಟಕ ದಮನಕರು’ ಎಂದು ಒಂದೇ ಉಸಿರಿಗೆ ಬೈಯುತ್ತೇವೆ. ಕರಟಕನ ವಿವೇಕ ನಮ್ಮ ಮಾತಿನಲ್ಲಿ ಉಳಿಯಲೇ ಇಲ್ಲ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ನಿಜದ ನರಿಗೂ ಇದೇ ಗತಿ. ಊರಿಗೂ ಕಾಡಿಗೂ ನಡುವೆ, ನಾಯಿಗೂ ಮನುಷ್ಯನಿಗೂ ಹೆದರಿ ಬದುಕುವ ಜೀವಿ ಎಚ್ಚರದಿಂದಿರಲೇಬೇಕು. ಆ ಎಚ್ಚರವನ್ನೇ ನಾವು ‘ನರಿಬುದ್ಧಿ’ ಎಂದು ಬೈಗುಳ ಮಾಡಿದ್ದೇವೆ. ಹಾಳಾಗಿ ಹೋದದ್ದನ್ನೂ ‘ನಾಯಿನರಿ ಪಾಲು’ ಎನ್ನುತ್ತೇವೆ.

ಇಷ್ಟಾದರೂ ಅದೇ ನರಿ ನಮಗೆ ಅದೃಷ್ಟವೂ ಹೌದು. ಒಳ್ಳೆಯದೇನಾದರೂ ಆದರೆ ‘ಬೆಳಿಗ್ಗೆ ನರಿ ಮುಖ ನೋಡಿ ಎದ್ದೆಯಾ?’ ಎಂದು ಕೇಳುತ್ತಾರೆ. ಬಿಸಿಲಿನಲ್ಲಿ ಮಳೆ ಹನಿದರೆ ಮಕ್ಕಳು ಕಾಗೆಗೂ ನರಿಗೂ ಮದುವೆ ಮಾಡಿಸುತ್ತಾರೆ. ಈ ಮಾತುಗಳಿಂದ ಯಾರಿಗೂ ಕೇಡಿಲ್ಲ. ಕೇಡಿರುವುದು ನರಿಕೊಂಬಿನಲ್ಲಿ. ಹಣ ತರುತ್ತದೆ, ದೃಷ್ಟಿ ತೆಗೆಯುತ್ತದೆ ಎಂದು ನಂಬಿಸಿ ಅದನ್ನು ಮಾರುತ್ತಾರೆ. ನರಿಗೆ ಕೊಂಬೇ ಇಲ್ಲ! ಮಾರುವವರ ಕೈಯಲ್ಲಿರುವುದು ಕೂದಲು ಸಮೇತದ ತೊಗಲು, ಮೂಳೆಯ ಚೂರು. ಅದಕ್ಕಾಗಿ ನರಿಗಳನ್ನು ಕೊಲ್ಲುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದು ಅಪರಾಧ.

ಹೀಗಿದ್ದರೂ ಊಳಿಡುವ ನರಿ ಕಬ್ಬಿನ ಗದ್ದೆಯಲ್ಲಾದರೂ ಅಡಗಿ ದಿನ ದೂಡೀತು. ಹುಲ್ಲುಗಾವಲಿನ ಪುಟ್ಟ ನರಿಗೆ ಆ ಅನುಕೂಲವಿಲ್ಲ. ಅದರ ನೆಲವನ್ನು ಸರ್ಕಾರಿ ಕಡತಗಳು ಪಾಳುಭೂಮಿ ಎನ್ನುತ್ತವೆ. ಪಾಳು ಎಂದಮೇಲೆ ಅಲ್ಲಿ ಸಸಿ ನೆಡಬಹುದು, ಕಾರ್ಖಾನೆ ಕಟ್ಟಬಹುದು, ಉತ್ತು ಬಿತ್ತಬಹುದು. ಬಿಲದೊಳಗೆ ಮರಿಗಳಿವೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ.